ಪಾಳಿ ಬರುವವರೆಗೆ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಈ ಮಾಸ್ತರ ಹೃದಯರೋಗದ ಮಾತು ಯಾಕೆ ತೆಗೆದ ಎಂದು ನಿಮಗೆ ಅನ್ನಿಸಬಹುದು. ನಾನು ಡಾಕ್ಟರ್ ಅಲ್ಲ. ಬಿ.ಎಡ್. ಮುಗಿಸಿ ಮಕ್ಕಳಿಗೆ ಉರ್ದು, ಕನ್ನಡ ಕಲಿಸುವವನು. ಆದರೆ ನಮ್ಮ ಭಾಗದಲ್ಲಿ ಹೃದಯದ ಡಾಕ್ಟರರ ಪಾಳಿ ಕಾಯುವುದರಲ್ಲಿ ಭಾಷೆಯ ಪಾತ್ರ ದೊಡ್ಡದಿದೆ. ಅದಕ್ಕಾಗಿಯೇ ಈ ವಿಷಯ ಆರಿಸಿಕೊಂಡೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳ ಜನ ಹೃದಯದ ದೊಡ್ಡ ತಪಾಸಣೆ ಎಂದರೆ ಬೆಳಗಾವಿ, ಮಿರಜ, ಕೊಲ್ಲಾಪುರಗಳ ಕಡೆ ಮುಖ ಮಾಡುತ್ತಾರೆ. ಮಿರಜದಲ್ಲಿ ಡಾ. ವಾನ್ಲೆಸ್ ಅವರು 1894ರಲ್ಲಿ ಮಿಶನ್ ದವಾಖಾನೆ ತೆರೆದಂದಿನಿಂದ ಆ ಊರಿನ ದಾರಿ ನಮ್ಮವರಿಗೆ ಪರಿಚಿತ. ರಾಯಬಾಗ, ಕುಡಚಿ, ಉಗಾರದವರು ರೈಲು ಹತ್ತುತ್ತಾರೆ. ಅಥಣಿಗೆ ರೈಲಿಲ್ಲ, ಬಸ್ಸೇ ಗತಿ. ಬೆಳಗಾವಿ ಅಥಣಿಯಿಂದ ನೂರು ಕಿಲೋಮೀಟರಿಗೂ ಮೇಲೆ. ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಅಷ್ಟು ದೂರ ಹೋದರೆ ಕೌಂಟರಿನಲ್ಲಿ ಸಿಗುವುದು ಡಾಕ್ಟರ್ ಅಲ್ಲ, ಒಂದು ತಾರೀಖು. ಎಕೋಗೆ ಒಂದು ತಾರೀಖು, ಆಮೇಲೆ ಆಂಜಿಯೋಗ್ರಾಂಗೆ ಮತ್ತೊಂದು.

ಇದು ಕೌಂಟರಿನಲ್ಲಿ ಕೂತವರ ಕೆಟ್ಟತನ ಎಂದು ಬೈಯುವುದು ಸುಲಭ. ಆದರೆ ಹೃದಯ ತಜ್ಞರು ದೊಡ್ಡ ಶಹರಗಳಲ್ಲೇ ಇರುವುದು. ಅದೇ ಡಾಕ್ಟರರು ಬೆಳಿಗ್ಗೆ ವಾರ್ಡು ನೋಡಬೇಕು, ಆಂಜಿಯೋಗ್ರಾಂ ಮಾಡಬೇಕು, ಹೊರರೋಗಿಗಳನ್ನೂ ನೋಡಬೇಕು. ನಡುವೆ ಹೃದಯಾಘಾತದ ಒಬ್ಬ ರೋಗಿ ಬಂದರೆ ಉಳಿದವರ ಪಾಳಿಯೆಲ್ಲ ಹಿಂದೆ ಸರಿಯುತ್ತದೆ. ಸರಿಯಲೇಬೇಕು. ನಾಳೆ ಆ ಸ್ಟ್ರೆಚರಿನ ಮೇಲೆ ನಮ್ಮ ಅಬ್ಬಾ ಇರಬಹುದು.

2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿ ನೀವೂ ಕೇಳಿದ್ದೀರಿ. ಹಠಾತ್ ಸಾವುಗಳ ವರದಿ ಒಂದರ ಮೇಲೊಂದು ಬಂದದ್ದೇ ತಡ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಏನೂ ತೊಂದರೆ ಇಲ್ಲದವರೂ ಬೆಳಗಿನ ಜಾವದಿಂದ ಸಾಲು ನಿಂತರು. ಹೆದರಬೇಡಿ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಅಂಜಿಕೆಯಿಂದ ನಿಂತ ಸಾಲಿನಲ್ಲಿ ನಿಜವಾದ ರೋಗಿ ಎಷ್ಟು ಹಿಂದೆ ಬಿದ್ದಿರಬೇಕು, ಯೋಚಿಸಿರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಡಾಕ್ಟರು ನಿಮಗೆ ಎರಡು ತಿಂಗಳ ನಂತರದ ತಾರೀಖು ಕೊಟ್ಟರೆಂದರೆ, ಆ ದಿನ ನೀವು ಇದ್ದ ಸ್ಥಿತಿ ನೋಡಿ, ನೀವು ಹೇಳಿದ ಮಾತು ಕೇಳಿ ಕೊಟ್ಟದ್ದು. ಸ್ಥಿತಿ ಬದಲಾದರೆ ಆ ತಾರೀಖು ಹಳೆಯದಾಯಿತು. ಮೊದಲು ಮಸೀದಿಯವರೆಗೆ ನಡೆಯುತ್ತಿದ್ದವರಿಗೆ ಈಗ ಓಣಿ ದಾಟುವಷ್ಟರಲ್ಲಿ ದಮ್ಮು ಹತ್ತುತ್ತಿದ್ದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುವಂತಾದರೆ, ಕಾಲು ಬಾತರೆ, ಅದೇ ದಿನ ಹತ್ತಿರದ ಡಾಕ್ಟರಿಗೆ ತೋರಿಸಿ, ಅವರಿಂದ ಚೀಟಿ ಬರೆಸಿ ದೊಡ್ಡ ದವಾಖಾನೆಗೆ ತಿಳಿಸಿರಿ. ಪಾಳಿ ಮುಂದೆ ಬರಲು ಇದು ನ್ಯಾಯವಾದ ದಾರಿ.

ಎದೆ ಒತ್ತಿದಂತೆ ನೋವು ಬಂದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆಯ ಬೆವರು ಬಂದರೆ, ಕಣ್ಣು ಕತ್ತಲೆಗಟ್ಟಿ ಬಿದ್ದರೆ ತಾರೀಖಿನ ಮಾತೇ ಇಲ್ಲ. 108ಕ್ಕೆ ಫೋನ್ ಮಾಡಬೇಕು. ನಮ್ಮಲ್ಲಿ ಇಂಥ ನೋವಿಗೆ ‘ಗ್ಯಾಸ್’ ಎಂದು ಹೆಸರಿಟ್ಟು ಸೋಡಾ ಕುಡಿಸಿ ಮಲಗಿಸುತ್ತಾರೆ. ಆ ಒಂದು ತಾಸು ಬಹಳ ದುಬಾರಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಂಗಸರಿಗೆ ಕೆಲವೊಮ್ಮೆ ಎದೆನೋವೇ ಇರುವುದಿಲ್ಲ. ಬರೀ ಸುಸ್ತು, ಬೆವರು, ವಾಕರಿಕೆ, ಏದುಸಿರು. ನಟ ಪುನೀತ್ ರಾಜಕುಮಾರ್ 2021ರಲ್ಲಿ 46ನೇ ವಯಸ್ಸಿಗೇ ತೀರಿಕೊಂಡದ್ದು ನೆನಪಿರಬಹುದು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಅದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ. ಬೇಕಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂಬುದನ್ನು ಆರಾಮ ಇದ್ದಾಗಲೇ ಹೋಗಿ ಕೇಳಿಕೊಂಡು ಬನ್ನಿ.

ಇನ್ನು ಭಾಷೆಯ ಮಾತು. ನಮ್ಮ ತಾಯಂದಿರು ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ. ಮಿರಜದ ಡಾಕ್ಟರು ಮರಾಠಿಯಲ್ಲಿ, ಬೆಳಗಾವಿಯ ಡಾಕ್ಟರು ಕನ್ನಡದಲ್ಲಿ ಕೇಳುತ್ತಾರೆ. ರಿಪೋರ್ಟು ಇಂಗ್ಲಿಷಿನಲ್ಲಿ. ‘ಜೀ ಘಬರಾರಾ’ ಎಂದು ಅಮ್ಮಿ ಹೇಳಿದರೆ ಜೊತೆಗಿದ್ದ ಮಗ ‘ಟೆನ್ಶನ್ ತಗೋತಾಳ್ರೀ’ ಎಂದು ತಿಳಿಸುತ್ತಾನೆ. ಅಮ್ಮಿಯ ಅರ್ಥದಲ್ಲಿ ಎದೆ ಡವಗುಟ್ಟುವುದೂ ಇತ್ತು, ಉಸಿರು ಸಾಲದಿರುವುದೂ ಇತ್ತು. ಅದು ಡಾಕ್ಟರರಿಗೆ ಮುಟ್ಟಲೇ ಇಲ್ಲ. ಎಷ್ಟೋ ತಾಯಂದಿರಂತೂ ಪರಪುರುಷನ ಮುಂದೆ ಎದೆಯ ನೋವಿನ ಮಾತೇ ಎತ್ತುವುದಿಲ್ಲ. ತುರ್ತು ಯಾರದು, ಕಾಯಬಹುದಾದವರು ಯಾರು ಎಂಬುದು ಈ ಎರಡು ನಿಮಿಷದ ಮಾತಿನ ಮೇಲೆ ನಿಂತಿದೆ. ವಿದ್ಯಾರ್ಥಿಗಳೇ, ನಿಮಗೆ ಮೂರು ನಾಲ್ಕು ಭಾಷೆ ಬರುತ್ತವೆ. ಜೊತೆಗೆ ಹೋದಾಗ ಅರ್ಥವನ್ನು ನೀವೇ ತೀರ್ಮಾನಿಸಬೇಡಿ; ಅಮ್ಮಿ ಹೇಳಿದ್ದನ್ನು ಹಾಗೆಯೇ ಹೇಳಿರಿ. ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಎಂದಿನಿಂದ, ದಿನಕ್ಕೆ ಎಷ್ಟು ಸಲ ಎಂಬುದನ್ನು ಮನೆಯಲ್ಲೇ ಕೇಳಿ ಬರೆದುಕೊಂಡು ಹೋಗಿರಿ.

ನಮ್ಮ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಜ್ವರ, ಕೀಲುನೋವು ಬಂದು ಹೃದಯದ ಕವಾಟಕ್ಕೆ ಪೆಟ್ಟಾಗಿತ್ತು. ಇದಕ್ಕೆ ರುಮ್ಯಾಟಿಕ್ ಹೃದಯರೋಗ ಎನ್ನುತ್ತಾರೆ. ಹೆಚ್ಚಾಗಿ ಶಾಲೆಯ ವಯಸ್ಸಿನಲ್ಲೇ ಶುರುವಾಗುತ್ತದೆ. ತಜ್ಞರ ತಾರೀಖು ದೂರವಿತ್ತು. ಅಲ್ಲಿಯವರೆಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬಾರದೆಂದು ಹೇಳಿದ್ದರು. ದೊಡ್ಡ ಡಾಕ್ಟರು ನೋಡುತ್ತಾರಲ್ಲ, ಈಗ್ಯಾಕೆ ಸೂಜಿ ಎಂದು ಮನೆಯವರು ನಿಲ್ಲಿಸಿಬಿಟ್ಟರು. ಜೊತೆಗೆ ‘ದಿಲ್ ಕಮಜೋರ್ ಹೈ’ ಎಂದು ಶಾಲೆಯನ್ನೂ ಬಿಡಿಸಿದರು. ಓಡಬಾರದು ಎಂದು ಡಾಕ್ಟರು ಹೇಳಿದ್ದೇ ಹೊರತು ಓದಬಾರದು ಎಂದಿರಲಿಲ್ಲ. ಚೀಟಿಯನ್ನು ಅವಳ ತಂದೆಗೆ ಉರ್ದುವಿನಲ್ಲಿ ಓದಿ ಹೇಳಿದ ಮೇಲೆ ಹುಡುಗಿ ತರಗತಿಗೆ ಮರಳಿದಳು. ಇಂಜೆಕ್ಷನ್ ದಿನಗಳನ್ನು ಅವಳ ಗೆಳತಿಯರೇ ತರಗತಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದರು. ಅವಳಿನ್ನೂ ಪಾಳಿಯಲ್ಲೇ ಇದ್ದಾಳೆ. ಆದರೆ ಇಂಜೆಕ್ಷನ್ ತಪ್ಪಿಸಿ ಮತ್ತೆ ಜ್ವರ ಬಂದರೆ ಕವಾಟ ಇನ್ನಷ್ಟು ಕೆಡುತ್ತಿತ್ತು. ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿರುವ ಮಕ್ಕಳನ್ನು ಗುರುತಿಸಲು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ತಿಂಗಳು ಹಾಳಾಗುವುದು ಇಲ್ಲಿಯೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅದನ್ನು ಬಿಟ್ಟು ನೇರ ಬೆಳಗಾವಿಗೆ ಹೋಗಿ, ಚೀಟಿಗಾಗಿ ತಿರುಗಿ ಬಂದು, ಮತ್ತೆ ಹೊಸ ತಾರೀಖು ಪಡೆದವರು ಈ ಸಭೆಯಲ್ಲೇ ಇದ್ದಾರೆ. ಗಡಿ ದಾಟಿ ಹೋಗುವವರು ನಮ್ಮ ಕಾರ್ಡು ಆ ದವಾಖಾನೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಸಹಕಾರಿ ಸಂಘದ ಸದಸ್ಯರು 2022ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿಯನ್ನೂ ನೋಡಿಕೊಳ್ಳಿ. ಹಳೆಯ ಇ.ಸಿ.ಜಿ. ಎಸೆಯಬೇಡಿ, ಹೊಸದರಲ್ಲಿ ಏನು ಬದಲಾಗಿದೆ ಎಂಬುದು ಹಳೆಯದನ್ನು ಪಕ್ಕಕ್ಕಿಟ್ಟರೆ ತಿಳಿಯುತ್ತದೆ. ಹೋಗಲು ಆಗದಿದ್ದರೆ ಮುಂಚೆಯೇ ಫೋನ್ ಮಾಡಿ ತಿಳಿಸಿದರೆ ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ. ಯಾರಾದರೂ ಬಿಟ್ಟ ಜಾಗ ಇದೆಯೇ ಎಂದು ನೀವೂ ವಾರಕ್ಕೊಮ್ಮೆ ಕೇಳಬಹುದು, ನಾಚಿಕೆ ಬೇಡ.

ಕಾಯುವ ದಿನಗಳಲ್ಲಿ ಬಿ.ಪಿ., ಸಕ್ಕರೆಯ ಗುಳಿಗೆ ನಿಲ್ಲಿಸಬಾರದು. ರಂಜಾನಿನಲ್ಲಿ ಗುಳಿಗೆಯ ಹೊತ್ತನ್ನು ತಾವೇ ಬದಲಿಸುವವರಿದ್ದಾರೆ. ತಿಂಗಳು ಮೊದಲೇ ಡಾಕ್ಟರರನ್ನು ಕೇಳಬೇಕು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇರುವುದು ನಮಗೆ ಗೊತ್ತಿರುವುದೇ. ಇನ್ನು ತಂಬಾಕು. ನಿಪ್ಪಾಣಿಯ ಸೀಮೆಯಲ್ಲಿ ತಂಬಾಕಿನ ವಿರುದ್ಧ ಮಾತಾಡುವುದು ಕಷ್ಟ, ಅದು ಎಷ್ಟೋ ಮನೆಗಳ ಅನ್ನ. ಬೆಳೆಯುವುದು, ಬೀಡಿ ಕಟ್ಟುವುದು ಹೊಟ್ಟೆಪಾಡು ಇರಬಹುದು, ಹೃದಯರೋಗಿ ಸೇದುವುದಕ್ಕೆ ಮಾತ್ರ ನಾನು ಯಾವ ಕಾರಣವನ್ನೂ ಒಪ್ಪುವುದಿಲ್ಲ. ಡಾಕ್ಟರರ ಕೋಣೆಗೆ ಹೋಗುವ ಮೊದಲೇ ಆರಂಭಿಸಬಹುದಾದ, ಕಾಸು ಖರ್ಚಿಲ್ಲದ ಚಿಕಿತ್ಸೆ ಅದು.

ಸಂಸ್ಥೆಯ ಹಿರಿಯರಲ್ಲಿ ಒಂದು ವಿನಂತಿ. ಸ್ಕಾಲರ್‌ಶಿಪ್ ಅರ್ಜಿ ತುಂಬಲು ಮಕ್ಕಳಿಗೆ ನಾವು ಕೂತು ಸಹಾಯ ಮಾಡುತ್ತೇವೆ. ಅದೇ ಮೇಜಿನ ಮೇಲೆ ಒಂದು ಹಾಳೆ ಇಡೋಣ. ರೋಗಿಯ ವಯಸ್ಸು, ತೊಂದರೆ ಎಂದಿನಿಂದ, ಈಗಿನ ಗುಳಿಗೆಗಳು, ಮುಂದಿನ ತಾರೀಖು, ಕಾರ್ಡಿನ ವಿವರ, ಇಷ್ಟೇ. ಮಾದರಿ ಬರೆದು ತಂದಿದ್ದೇನೆ, ಒಂದು ಬದಿ ಉರ್ದು, ಇನ್ನೊಂದು ಬದಿ ಕನ್ನಡ. ಮರಾಠಿ ಚೆನ್ನಾಗಿ ಬಲ್ಲವರು ಯಾರಾದರೂ ಸಭೆ ಮುಗಿದ ಮೇಲೆ ನನ್ನನ್ನು ಕಂಡರೆ ಮಿರಜಕ್ಕೆ ಹೋಗುವವರ ಹಾಳೆಯೂ ಸಿದ್ಧವಾಗುತ್ತದೆ.