ಬರೆಯುವ ಕೈ, ನಡೆಸುವ ಕೈ



1970ರ ದಶಕದ ಕೊನೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಂಗೀತ ಕಲಿಯುತ್ತಿದ್ದ ಕೆಲವು ಹುಡುಗ ಹುಡುಗಿಯರು ಒಂದು ಕೂಟ ಕಟ್ಟಿಕೊಂಡರು. ಎಲ್ಲರಿಗೂ ಹೊಸ ಸಂಗೀತ ಬರೆಯುವ ಹಂಬಲ. ನಮ್ಮಲ್ಲಾದರೆ ಕೃತಿ ರಚಿಸಿದವರು ತಾವೇ ತಂಬೂರಿ ಮೀಟಿ ಹಾಡಿಬಿಡಬಹುದು. ವಾದ್ಯವೃಂದಕ್ಕೆಂದು ಬರೆದವರಿಗೆ ಆ ಸ್ವಾತಂತ್ರ್ಯವಿಲ್ಲ. ಸ್ವರಲಿಪಿ ನಾದವಾಗಬೇಕಾದರೆ ಎಪ್ಪತ್ತೆಂಬತ್ತು ವಾದಕರು ಬೇಕು, ಅಷ್ಟೂ ಜನರನ್ನು ಒಂದೇ ಕಾಲಪ್ರಮಾಣದಲ್ಲಿ ನಡೆಸುವ ನಿರ್ದೇಶಕರು ಬೇಕು. ಹೆಸರಿಲ್ಲದ ವಿದ್ಯಾರ್ಥಿಗಳ ರಚನೆಯನ್ನು ಯಾರು ಎತ್ತಿಕೊಂಡಾರು? ತಮ್ಮೊಳಗೇ ಒಬ್ಬರು ಆ ವಿದ್ಯೆ ಕಲಿಯಬೇಕಾಯಿತು. ಹಾಗೆ ಕಲಿತವರು ಎಸಾ-ಪೆಕ್ಕಾ ಸಲೊನೆನ್. 1958ರಲ್ಲಿ ಹುಟ್ಟಿದವರು. ಹಾರ್ನ್ ಎಂಬ ಹಿತ್ತಾಳೆಯ ವಾದ್ಯ ಊದುತ್ತಿದ್ದರು. ಮನಸ್ಸೆಲ್ಲ ಇದ್ದದ್ದು ರಚನೆಯಲ್ಲಿ. ಯೊರ್ಮಾ ಪಾನುಲಾ ಎಂಬ ಗುರುಗಳ ಬಳಿ ನಿರ್ದೇಶನ ಕಲಿತದ್ದು ಗೆಳೆಯರ ಕೃತಿಗಳು, ತಮ್ಮ ಕೃತಿಗಳು ನಾಲ್ಕು ಜನರ ಕಿವಿಗೆ ಬೀಳಲಿ ಎಂದು.

1983ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದದಿಂದ ಕರೆ ಬಂತು. ಮಾಲರ್ ರಚಿಸಿದ ಮೂರನೆಯ ಸಿಂಫನಿಯನ್ನು ನಡೆಸಬೇಕಿದ್ದ ಮೈಕೆಲ್ ಟಿಲ್ಸನ್ ಥಾಮಸ್ ಬರುವಂತಿರಲಿಲ್ಲ. ಕಛೇರಿಗೆ ಉಳಿದದ್ದು ಕೆಲವೇ ದಿನ. ಒಂದೂವರೆ ಗಂಟೆಗೂ ಮೀರಿದ ಕೃತಿ ಅದು. ದೊಡ್ಡ ವೃಂದದ ಜೊತೆಗೆ ಒಬ್ಬ ಗಾಯಕಿ, ಸ್ತ್ರೀಯರ ಮೇಳ, ಮಕ್ಕಳ ಮೇಳ ಬೇರೆ. ಇಪ್ಪತ್ತೈದರ ತರುಣ ಒಪ್ಪಿಕೊಂಡು, ಗೆದ್ದು ಬಂದರು. ಮರುದಿನದಿಂದ ಲೋಕದ ಕಣ್ಣಿಗೆ ಅವರು ನಿರ್ದೇಶಕರು.

ಫಿಲ್‌ಹಾರ್ಮೋನಿಯಾಕ್ಕೆ ನಮ್ಮ ಮೈಸೂರಿನ ಋಣವಿದೆ. 1945ರಲ್ಲಿ ಹುಟ್ಟಿದ ಆ ವೃಂದಕ್ಕೆ ಆರಂಭದ ಕಷ್ಟದ ದಿನಗಳಲ್ಲಿ ಹಣ ಕೊಟ್ಟು ಆಸರೆಯಾದವರು ಜಯಚಾಮರಾಜೇಂದ್ರ ಒಡೆಯರ್. ವೃಂದದ ಸಂಗೀತ ಸಭೆಗೆ ಮೊದಲ ಅಧ್ಯಕ್ಷರೂ ಅವರೇ. ತಾವೇ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ದೊರೆ ಪೋಷಿಸಿದ ವೃಂದವೇ ಈ ರಚನಕಾರನ ಬದುಕನ್ನು ತಿರುಗಿಸಿತು ಎನ್ನುವುದು ನನಗೆ ತುಂಬ ಪ್ರಿಯವಾದ ಸಂಗತಿ.

ಆದರೆ ಆ ಗೆಲುವಿಗೆ ಬೆಲೆಯೂ ಇತ್ತು. ಹತ್ತು ವರ್ಷ ಸ್ವೀಡನ್ ರೇಡಿಯೋದ ವಾದ್ಯವೃಂದ, 1992ರಿಂದ ಅಮೆರಿಕದ ಲಾಸ್ ಏಂಜಲೀಸ್ ವೃಂದ. ಇತರರ ಸಂಗೀತಕ್ಕೆ ಕೈಯೆತ್ತುವ ಕೆಲಸದಲ್ಲಿ ಸ್ವಂತ ರಚನೆಗೆ ಸಮಯವೇ ಸಿಗದಾಯಿತು. ಬೆಳಗಿನಿಂದ ಬೇರೆಯವರ ಸ್ವರಗಳು ತಲೆಯಲ್ಲಿ ಮೊಳಗುತ್ತಿದ್ದರೆ ತನ್ನದು ಹುಟ್ಟುವುದಾದರೂ ಎಲ್ಲಿಂದ? ಕೊನೆಗೆ ಆ ಊರಿನ ವಾದಕರಿಗಾಗಿಯೇ ಅವರು ‘ಎಲ್.ಎ. ವೇರಿಯೇಷನ್ಸ್’ ಬರೆದರು. 1997ರ ಜನವರಿಯಲ್ಲಿ ಅದು ಮೊದಲ ಬಾರಿ ಕೇಳಿಸಿದಾಗ ಜನ ಮನಸಾರೆ ಸ್ವಾಗತಿಸಿದರು. 2000ದಲ್ಲಿ ವೇದಿಕೆಗೆ ಬಿಡುವು ಕೊಟ್ಟು ಬರೆಯಲು ಕೂತರು. ವಾಸ್ತುಶಿಲ್ಪಿ ಫ್ರ್ಯಾಂಕ್ ಗೆಹ್ರಿ ವಿನ್ಯಾಸ ಮಾಡಿದ ಡಿಸ್ನಿ ಸಂಗೀತ ಭವನ 2003ರಲ್ಲಿ ತೆರೆದ ಮೇಲೆ, ಆ ಕಟ್ಟಡಕ್ಕೇ ಒಂದು ಕೃತಿ ಅರ್ಪಿಸಿದರು. ಅದರಲ್ಲಿ ಗೆಹ್ರಿಯವರ ಮಾತಿನ ಧ್ವನಿಯಿದೆ, ಕಡಲಿನ ಒಂದು ಮೀನು ಹೊರಡಿಸುವ ಗುಂಯ್‌ಗುಡುವ ಸದ್ದೂ ಇದೆ!

2009ರಲ್ಲಿ, ಲಾಸ್ ಏಂಜಲೀಸ್ ವೃಂದ ಕೀರ್ತಿಯ ಶಿಖರದಲ್ಲಿದ್ದಾಗಲೇ ಅದರ ನಿರ್ದೇಶಕರ ಹುದ್ದೆ ಬಿಟ್ಟರು. ಬರೆಯಲು ಸಮಯ ಬೇಕು ಎನ್ನುವುದೇ ಮುಖ್ಯ ಕಾರಣ. ಹದಿನೇಳು ವರ್ಷ ದುಡಿದು ಕಟ್ಟಿದ್ದನ್ನು ಹಾಗೆ ಬೇರೆಯವರ ಕೈಗಿಟ್ಟು ಹೊರಡುವ ಧೈರ್ಯ ಎಷ್ಟು ಜನರಿಗಿದೆ? ಹೊರಡುವ ಮುನ್ನ ಲೈಲಾ ಜೋಸೆಫೊವಿಚ್ ಎಂಬ ಕಲಾವಿದೆಗಾಗಿ ಪಿಟೀಲು ಕಾನ್ಚೆರ್ಟೋ ಬರೆದರು. 2012ರಲ್ಲಿ ಅದಕ್ಕೆ ಗ್ರಾವೆಮೇಯರ್ ಪ್ರಶಸ್ತಿ ಬಂತು.

ಗೆಳೆಯರ ಋಣವನ್ನು ಅವರು ಎಂದೂ ಮರೆಯಲಿಲ್ಲ. ಹೆಲ್ಸಿಂಕಿಯ ಆ ಕೂಟದಲ್ಲಿದ್ದ ಕಾಯಾ ಸಾರಿಯಾಹೊ ಮುಂದೆ ಜಗತ್ತು ಗೌರವಿಸುವ ರಚನಕಾರ್ತಿಯಾದರು. ಅವರ ‘ಆಡ್ರಿಯಾನಾ ಮಾತೆರ್’ ಒಪೆರಾವನ್ನು 2006ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನಡೆಸಿದವರು ಸಲೊನೆನ್. 2023ರ ಜೂನ್ 2ರಂದು ಸಾರಿಯಾಹೊ ತೀರಿಕೊಂಡರು. ಒಂದು ವಾರ ತುಂಬುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಒಪೆರಾ ಪ್ರದರ್ಶನವಿತ್ತು. ಅದನ್ನು ನಡೆಸಲು ನಿಂತವರು ಇದೇ ಗೆಳೆಯ. ಯೌವನದಲ್ಲಿ ಕಲಿತ ವಿದ್ಯೆಗೆ ಇದಕ್ಕಿಂತ ಕಠಿಣವಾದ ಸಂಜೆ ಇದ್ದೀತೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋ ವೃಂದಕ್ಕೆ ಅವರು ಬಂದದ್ದು 2020ರಲ್ಲಿ, ಅದೇ ಟಿಲ್ಸನ್ ಥಾಮಸ್ ಅವರ ಉತ್ತರಾಧಿಕಾರಿಯಾಗಿ. ಸಾಂಕ್ರಾಮಿಕದಿಂದ ಸಭಾಂಗಣಗಳು ಬಾಗಿಲು ಹಾಕಿದ್ದ ವರ್ಷ ಅದು. 2024ರ ಮಾರ್ಚ್‌ನಲ್ಲಿ, ಸಂಸ್ಥೆಯ ಭವಿಷ್ಯದ ಬಗ್ಗೆ ಆಡಳಿತ ಮಂಡಳಿಯ ಗುರಿಗಳೂ ತಮ್ಮ ಗುರಿಗಳೂ ಒಂದಲ್ಲ, ಹಾಗಾಗಿ ಮುಂದುವರಿಯುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಮರುವರ್ಷ ಜೂನ್‌ನಲ್ಲಿ ಮಾಲರ್‌ನ ಎರಡನೆಯ ಸಿಂಫನಿ ನಡೆಸಿ ಹೊರಟರು. ಆ ಊರಿಗೆ ಅದು ದೊಡ್ಡ ನಷ್ಟವೇ. ಆದರೂ ಒಪ್ಪದ ದಾರಿಯಲ್ಲಿ ಸ್ಥಾನಕ್ಕಾಗಿ ನಡೆಯುವುದು ಅವರ ಜಾಯಮಾನವಲ್ಲ.

ಇವತ್ತು ಅರ್ಧ ಗಂಟೆ ಬಿಡುವು ಸಿಕ್ಕರೆ ಆ ಪಿಟೀಲು ಕಾನ್ಚೆರ್ಟೋ ಹುಡುಕಿ ಕೇಳಿ. ಎಲ್ಲೋ ಆಗಲೇ ನಡೆಯುತ್ತಿದ್ದ ಸಂಗೀತದ ನಡುವೆ ನಾವು ಒಳಹೊಕ್ಕಂತೆ ಪಿಟೀಲು ಶುರುವಾಗುತ್ತದೆ. ಮೂರನೆಯ ಭಾಗದಲ್ಲಿ ಡ್ರಮ್ಸ್ ಅಬ್ಬರಿಸುತ್ತವೆ, ಬೆದರಬೇಡಿ. ನಾಲ್ಕನೆಯದು ವಿದಾಯ. ಅದರ ಕಟ್ಟಕಡೆಯ ಸ್ವರಮೇಳ ಅದುವರೆಗೆ ಕೇಳಿದ್ದಕ್ಕೆಲ್ಲ ಬೇರೆಯಾಗಿದೆ, ಮುಂದಿನ ಇನ್ಯಾವುದೋ ಕೃತಿಗೆ ಸೇರಿದ್ದು ಎಂಬಂತಿದೆ. ಅಲ್ಲಿಯವರೆಗೂ ಕೇಳಿ.