ನೊಂದವರ ಹರಕೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯ ಮೇಲೆ ಕನ್ನಡ ಪಂಡಿತರೆನಿಸಿಕೊಂಡವರು ಕಾವ್ಯವನ್ನು ಕುರಿತೋ ವ್ಯಾಕರಣವನ್ನು ಕುರಿತೋ ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳೂ ನಮ್ಮಿಂದ ಅದನ್ನೇ ನಿರೀಕ್ಷಿಸಿದ್ದರೆಂದು ತೋರುತ್ತದೆ. ಆದರೆ 2024ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನಾವು ಕೆಲವರು ಅಧ್ಯಾಪಕರು ಕಾಸರಗೋಡಿನಿಂದ ವಯನಾಡಿನ ಮೇಪ್ಪಾಡಿಗೆ ಹೋಗಿ, ಅಲ್ಲಿಯ ವೈದ್ಯಕೀಯ ಪರಿಹಾರ ಕಾರ್ಯದಲ್ಲಿ ಕೈಲಾದಷ್ಟು ನೆರವಾಗಿ ಬಂದುದನ್ನು ಅಧ್ಯಕ್ಷರು ಬಲ್ಲರು. ಆ ವಿಷಯವನ್ನೇ ಹೇಳಬೇಕೆಂದು ಅವರ ಅಪ್ಪಣೆಯಾಗಿದೆ.

ನಡೆದುದು ನಿಮಗೆಲ್ಲ ತಿಳಿದೇ ಇದೆ. 2024ರ ಜುಲೈ 30ರಂದು, ಬೆಳಕು ಹರಿಯುವ ಮುನ್ನ, ಊರು ಮಲಗಿದ್ದ ಹೊತ್ತಿನಲ್ಲಿ ವೆಳ್ಳರಿಮಲೆಯ ಮಗ್ಗುಲು ಕುಸಿದು ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಹರಿಯಿತು. ಅದಕ್ಕೆ ಮುಂಚಿನ ಎರಡು ದಿನಗಳಲ್ಲಿ 570 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಿತ್ತು. ಪ್ರಾಣ ಕಳೆದುಕೊಂಡವರು 250ಕ್ಕೂ ಹೆಚ್ಚು ಮಂದಿ. ಎಷ್ಟೋ ದೇಹಗಳು ಚಾಲಿಯಾರ್ ನದಿಯಲ್ಲಿ ತೇಲಿ ಬೇರೊಂದು ಜಿಲ್ಲೆಯ ನಿಲಂಬೂರಿನ ಕಡೆಯಲ್ಲಿ ದೊರೆತವು. ಅಲ್ಲಿಂದ ದೂರವಿಲ್ಲದ ಪುತ್ತುಮಲೆ 2019ರ ಆಗಸ್ಟ್ 8ರಂದು ಇದೇ ರೀತಿ ಕುಸಿದು 17 ಜೀವಗಳನ್ನು ಬಲಿ ತೆಗೆದುಕೊಂಡಿತ್ತು. ಅದರಿಂದ ಕಲಿಯಬೇಕಾದಷ್ಟನ್ನು ಕಲಿತೆವೇ ಎಂಬ ಪ್ರಶ್ನೆಯನ್ನು ಬಲ್ಲವರು ಕೇಳಲಿ.

ಸೇತುವೆ ಕೊಚ್ಚಿಹೋದುದರಿಂದ ಮೊದಲಿಗೆ ಔಷಧವೇ ಹೊಳೆ ದಾಟದಂತಾಯಿತು. ಆ ದಿನ ನೀಲಗಿರಿಯ ಗೂಡಲೂರಿನ ದಾದಿ ಸಬೀನಾ ಎಂಬಾಕೆ, ಮದ್ದಿನ ಚೀಲವನ್ನು ಹೊತ್ತು, ಉಕ್ಕುವ ನೀರಿನ ಮೇಲೆ ಹಗ್ಗಕ್ಕೆ ಜೋತು ಆಚೆ ದಡವನ್ನು ಸೇರಿ 35ಕ್ಕೂ ಹೆಚ್ಚು ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. ತಮಿಳುನಾಡು ಸರಕಾರ ಅದೇ ವರ್ಷದ ಸ್ವಾತಂತ್ರ್ಯೋತ್ಸವದಂದು ಕಲ್ಪನಾ ಚಾವ್ಲಾ ಪ್ರಶಸ್ತಿಯನ್ನಿತ್ತು ಈಕೆಯನ್ನು ಗೌರವಿಸಿತು. ಚೂರಲ್‌ಮಲೆಯ ಮಸೀದಿ ಮದರಸಗಳು ಚಿಕಿತ್ಸಾಲಯಗಳಾದವು. ಆಗಸ್ಟ್ 1ರ ಸಂಜೆಯ ವೇಳೆಗೆ, ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿ ಉದ್ದದ ಉಕ್ಕಿನ ಸೇತುವೆಯನ್ನು ಕಟ್ಟಿ ಮುಗಿಸಿದರು. ಆಂಬುಲೆನ್ಸುಗಳು ಆಚೆಗೆ ಸಾಗುವಂತಾದುದು ಆ ಬಳಿಕ.

ನಾವು ಹೋದುದು ಇದೆಲ್ಲ ಆದ ಮೇಲೆ. ನಾವು ವೈದ್ಯರಲ್ಲ; ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಸರಿಯಾಗಿ ಅರಿಯೆವು. ಆದರೆ ಚಾಮರಾಜನಗರದ ಸೀಮೆಯಿಂದ ಚಹಾ ತೋಟಗಳಿಗೆ ದುಡಿಯಲು ಬಂದು, ಅಲ್ಲಿನ ಪಾಡಿಗಳಲ್ಲಿ ನೆಲೆಸಿದ್ದ ಕನ್ನಡ ಕುಟುಂಬಗಳೂ ಈ ಅನಾಹುತಕ್ಕೆ ಸಿಕ್ಕಿದ್ದವು. ಕನ್ನಡ, ಮಲಯಾಳ ಎರಡನ್ನೂ ಬಲ್ಲವರು ಬೇಕೆಂಬ ಮಾತು ನಮ್ಮ ಕಿವಿಗೆ ಬಿತ್ತು. ಗಡಿನಾಡಿನವರಿಗೆ ಇರುವ ಆಸ್ತಿ ಅದೊಂದೇ ಅಲ್ಲವೇ?

ಮಹಾ ವಿಪತ್ತಿನ ವೈದ್ಯವೆಂದರೆ ರಕ್ತ, ಮುರಿದ ಎಲುಬು, ಶಸ್ತ್ರಚಿಕಿತ್ಸೆ ಎಂದು ನಾವು ಬಗೆದಿದ್ದೆವು. ಭೂಕುಸಿತದಲ್ಲಿ ಹಾಗಿಲ್ಲ. ಮಣ್ಣಿನಡಿ ಸಿಕ್ಕವರಲ್ಲಿ ಬದುಕಿ ಬರುವವರು ಕೆಲವರೇ. ಮೊದಲ ದಿನಗಳು ಕಳೆದ ಮೇಲೆ ಶಿಬಿರದ ವೈದ್ಯರ ಮುಂದೆ ಬಂದು ಕುಳಿತುಕೊಳ್ಳುವವರು ಬೇರೆ ಬಗೆಯವರು. ಮನೆಯೊಡನೆ ಮಾತ್ರೆಯ ಡಬ್ಬಿಯೂ ಹೋಗಿದೆ. ಸಕ್ಕರೆ ಕಾಯಿಲೆಯವರಿಗೆ, ರಕ್ತದೊತ್ತಡದವರಿಗೆ, ಅಪಸ್ಮಾರದವರಿಗೆ ನಾಲ್ಕು ದಿನ ಮದ್ದು ತಪ್ಪಿದರೆ ಬೆಟ್ಟ ಕೊಲ್ಲದೆ ಬಿಟ್ಟವರನ್ನು ರೋಗ ಕೊಲ್ಲಬಹುದು. ಕೆಸರಿನಲ್ಲಿ ಇಳಿದವರಿಗೆಲ್ಲ ಇಲಿಜ್ವರದ ಭಯ. ಅದಕ್ಕೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ. ಅದನ್ನು ಉಂಡ ಮೇಲೆಯೇ ನುಂಗಬೇಕು. ಉಣ್ಣಲು ಮನಸ್ಸಿಲ್ಲದವರನ್ನು ಉಣ್ಣಿಸುವುದು ಯಾರು? ಹೀಗಾಗಿ ಪಂಗಡದ ಕೆಲಸವೆಲ್ಲ ಕೇಳುವುದು, ಬರೆಯುವುದು, ಒಪ್ಪಿಸುವುದು, ಇಷ್ಟೇ. “ಬೆಳಗ್ಗೆ ಒಂದ್ ಬಿಳೇ ಗುಳ್ಗೆ, ರಾತ್ರಿ ಉಂಡ್ ಮ್ಯಾಲೆ ಅರ್ಧ” ಎಂದಷ್ಟೇ ಬಲ್ಲವರ ಮಾತನ್ನು ವೈದ್ಯರಿಗೆ ತಿಳಿಯುವಂತೆ ತಿರುಗಿಸಿ ಹೇಳುತ್ತಿದ್ದೆವು. ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ, ಭಾಷಾಂತರದಲ್ಲಿ ಒಂದು ಪದ ತಪ್ಪಿದರೆ ಏನಾದೀತೆಂಬ ಭಯ ಹುಟ್ಟಿದುದು ಅಲ್ಲಿಯೇ. (ಚಿತ್ರ ತೆಗೆಸಿಕೊಳ್ಳುವುದಕ್ಕಾಗಿಯೇ ಬಂದಿದ್ದ ಸೇವಕರೂ ಇಲ್ಲದಿರಲಿಲ್ಲ. ಅವರ ವಿಷಯ ಬೇಡ.)

ಒಬ್ಬ ತಾಯಿಯ ಸಂಗತಿಯನ್ನು ಹೇಳಬೇಕು. ಅರುವತ್ತು ದಾಟಿದವರು, ತೋಟದಲ್ಲಿ ಮೂವತ್ತು ವರ್ಷ ಎಲೆ ಕೊಯ್ದವರು. ಮಗ ಸಿಕ್ಕಿರಲಿಲ್ಲ. ಗುರುತು ಹಿಡಿಯಲಾರದ ದೇಹಗಳೊಡನೆ ತಾಳೆ ನೋಡಲು ಬಂಧುಗಳ ರಕ್ತವನ್ನು ಡಿಎನ್‌ಎ ಪರೀಕ್ಷೆಗೆ ಪಡೆಯುತ್ತಿದ್ದರು. ಆ ತಾಯಿ ಕೈ ನೀಡಲೊಲ್ಲರು. “ಹೆತ್ತೋಳ್ಗೆ ಸಾಕ್ಷಿ ಬೇಕಾ ಮೇಷ್ಟ್ರೇ?” ಎಂದು ಕೇಳಿದರು. ಈ ಪರೀಕ್ಷೆಯ ಹೆಸರಿಗೆ ಅವರು ಬಲ್ಲ ಮಾತು ನಮ್ಮ ನಿಘಂಟುಗಳಲ್ಲಿ ಎಲ್ಲಿದೆ? “ಅವ್ವಾ, ನೀವು ಅವನಿಗೆ ಹಂಚಿಕೊಟ್ಟುದೊಂದು ಗುರುತು ಅವನ ಮೈಯಲ್ಲಿದೆ, ನಿಮ್ಮ ರಕ್ತದಲ್ಲಿಯೂ ಇದೆ. ಮುಖ ಅಳಿಸಿದರೂ ಅದು ಅಳಿಸದು. ಅವನನ್ನು ಕರೆಯಲು ಅದೇ ಉಳಿದಿರುವ ದನಿ” ಎಂದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು ಸೀರೆಯ ಸೆರಗನ್ನು ಸರಿಸಿ ಕೈ ನೀಡಿದರು.

ರಕ್ತ ತೆಗೆದವಳು ಇಪ್ಪತ್ತೆರಡು ವರ್ಷದ ಮಾಪ್ಪಿಳೆ ಹುಡುಗಿ. ಅವಳ ಕೈ ನಡುಗುತ್ತಿತ್ತು. ಕೆಲಸ ಮುಗಿದೊಡನೆ ತಾಯಿ ಅವಳ ತಲೆಯ ಮೇಲೆ ಅಂಗೈಯಿಟ್ಟು, “ನೂರ್ಕಾಲ ಬಾಳವ್ವ. ಮಾದಪ್ಪ ನಿನ್ ಮಡ್ಲು ತುಂಬ್ಸ್‌ಲಿ” ಎಂದರು. ಹುಡುಗಿಗೆ ಕನ್ನಡ ಬಾರದು. ನಾವು ತಿರುಗಿಸಿ ಹೇಳಿದೆವು. ಅಷ್ಟರಲ್ಲೇ ಅವಳು ಅಳುತ್ತಿದ್ದಳು.

ಹಳಗನ್ನಡದ ‘ಪರಸು’ ನಮ್ಮಲ್ಲಿ ‘ಹರಸು’ ಎಂದಾಯಿತು, ‘ಪರಕೆ’ ‘ಹರಕೆ’ಯಾಯಿತು. ದೇವರಿಗೆ ಹೊರುವುದೂ ಹರಕೆ, ಹಿರಿಯರು ಕೊಡುವುದೂ ಹರಕೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇವೆ. ಕೊಡುವವರ ಬಳಿ ಏನೂ ಉಳಿಯದಿರುವಾಗಲೂ ಕೊಡಬಹುದಾದ ವಸ್ತು ಅದೆಂದು ಮಾತ್ರ ನಮಗೆ ಹೊಳೆದಿರಲಿಲ್ಲ.

ಆ ರಾತ್ರಿ ನಾವು ಒಂದು ಕ್ರೂರವಾದ ಪ್ರಶ್ನೆಯನ್ನೇ ಕೇಳಿದೆವು. ಇಷ್ಟೆಲ್ಲ ಆದ ಮೇಲೂ ಮಾದಪ್ಪನ ಮೇಲೆ ಮುನಿಸಿಲ್ಲವೇ ಎಂದೆವು. ಆಕೆ ಗಂಜಿಯ ತಟ್ಟೆಯನ್ನು ಕೆಳಗಿಟ್ಟು, “ಅವ್ನು ಇರೋದು ಬೆಟ್ಟದ್ ಮ್ಯಾಲೆ. ಬೆಟ್ಟ ಬಿದ್ದಾಗ ಅವ್ನೂ ಬಿದ್ದಿರ್ತಾನೆ ಕಣಪ್ಪ. ಎದ್ದು ಬರ್ಲಿ, ಆಮೇಲ್ ಕೇಳ್ತೀನಿ” ಎಂದರು. ದೈವದ ನ್ಯಾಯವನ್ನು ಕುರಿತು ಶಾಸ್ತ್ರಗಳು ಹೇಳಿದ ಸಮಾಧಾನಗಳನ್ನು ನಾವು ಓದಿದ್ದೇವೆ. ಅವು ಆ ಶಿಬಿರದ ಬಾಗಿಲಿನವರೆಗೆ ಬಂದು ನಿಂತುವು. ಈ ಮಾತು ಒಳಗೆ ಬಂದಿತು. ಬಿದ್ದವರೊಡನೆ ತಾನೂ ಬೀಳುವ ದೇವರನ್ನಾದರೆ ನಂಬಬಹುದೆಂದು ಅಂದು ನಮಗೆ ತೋರಿತು. ಇಂದಿಗೂ ಹಾಗೆಯೇ ತೋರುತ್ತದೆ.

ಗುರುತು ಸಿಕ್ಕದವರನ್ನು ಪುತ್ತುಮಲೆಯಲ್ಲಿ ಮಣ್ಣು ಮಾಡಿದರು. ಸತ್ತವರ ಮತ ಯಾವುದೆಂದು ಅರಿಯದುದರಿಂದ ಎಲ್ಲ ಮತಗಳ ಪ್ರಾರ್ಥನೆಗಳೂ ನಡೆದುವು. ಸಮಾಧಿಗಳ ಮೇಲೆ ಹೆಸರಿಲ್ಲ, ಸಂಖ್ಯೆಗಳು ಮಾತ್ರ. ‘ಜುಲೈ 30 ಹೃದಯಭೂಮಿ’ ಎಂದು ಆ ಸ್ಥಳಕ್ಕೆ ಹೆಸರಾಗಿದೆ. ಪರೀಕ್ಷೆಯ ಫಲ ಬಂದಂತೆಲ್ಲ ಕೆಲವು ಸಂಖ್ಯೆಗಳು ಮತ್ತೆ ಹೆಸರುಗಳಾದುವು. ಆ ತಾಯಿಯ ಮಗನ ಹೆಸರೂ ಅವುಗಳಲ್ಲೊಂದು. ಆಕೆ ಈಗ ಊರಿನಲ್ಲಿ ಮಗಳೊಡನೆ ಇದ್ದಾರೆ. ಶಿವರಾತ್ರಿ ಕಳೆದ ಮೇಲೆ ಮಾದಪ್ಪನ ಬೆಟ್ಟದ ವಿಭೂತಿಯ ಎರಡು ಪೊಟ್ಟಣಗಳು ನಮಗೆ ಅಂಚೆಯಲ್ಲಿ ಬಂದುವು. ಒಂದು ನಮಗೆ, ಒಂದು “ಆ ಸೂಜಿ ಮಗ”ಳಿಗೆ. ತಲುಪಿಸಿದ್ದೇವೆ.

ಕೊನೆಯಲ್ಲಿ ಸಂಘದವರಲ್ಲಿ ಒಂದು ಬಿನ್ನಹ. ಕನ್ನಡ, ಮಲಯಾಳ, ತುಳು ಬಲ್ಲ ನಮ್ಮ ತರುಣ ತರುಣಿಯರ ಪಟ್ಟಿಯೊಂದನ್ನು ಮಳೆಗಾಲಕ್ಕೆ ಮುಂಚೆ ಸಿದ್ಧಪಡಿಸಿ, ಪ್ರಥಮ ಚಿಕಿತ್ಸೆಯನ್ನು ಕಲಿಸುವ ಏರ್ಪಾಡು ಆಗಬೇಕು. ಕಲಿಸಲು ಇಬ್ಬರು ವೈದ್ಯರು ಒಪ್ಪಿದ್ದಾರೆ. ಹಿರಿಯರು ಮನೆಯಲ್ಲಿ ತಾವು ನುಂಗುವ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಮಡಿಲಿನಲ್ಲೋ ಕಿಸೆಯಲ್ಲೋ ಇಟ್ಟುಕೊಳ್ಳಲಿ. ಹೆಸರು ಕೊಡಲು ಇಚ್ಛಿಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬಹುದು. ಪುಸ್ತಕ ಅವರ ಮೇಜಿನ ಮೇಲಿದೆ.