ಯಾರ ಜೋಳ ಉಂಡವನು?



ಕಲಘಟಗಿ ಎಂದರೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಯ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಯ ಚಿತ್ರಗಳು. ಚೊಚ್ಚಲ ಕೂಸಿಗೆ ತವರಿನವರು ಕೊಡುವ ಈ ತೊಟ್ಟಿಲಿನಲ್ಲಿ ಮಲಗಿದ ಮಗು ಮಾತು ಕಲಿಯುವ ಮೊದಲೇ ಬಿಲ್ಲು ಹಿಡಿದ ವೀರರನ್ನು ನೋಡುತ್ತದೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಚಿತ್ರಗಾರರು ಅದರ ಕೆಳಗೆ ಬರೆಯುವುದಿಲ್ಲ. ಇಂದಿನ ವಿಚಾರ ಸಂಕಿರಣದ ಹೊತ್ತಿಗೆ ಈ ಊರೇ ತಕ್ಕ ಜಾಗ ಎಂದು ನನಗೆ ಅನ್ನಿಸಿದ್ದು ಅದಕ್ಕಾಗಿ.

ವೀರ ಪಾತ್ರಗಳ ಒಳಿತು ಕೆಡುಕು ಎಂಬ ಈ ವಿಷಯಕ್ಕೆ ನಾನು ಬಂದದ್ದು ಮನೆಯ ಪಡಸಾಲೆಯಿಂದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ ರಜೆಯಲ್ಲಿ ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಜಮಖಾನೆ ಹಾಸಿ, ಇಪ್ಪತ್ತು ಮುಖದ ದಾಳ ಇಟ್ಟುಕೊಂಡು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದರು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಗುಣ ಬರೆದ ಹಾಳೆ ಇಟ್ಟುಕೊಂಡು, ಆ ಪಾತ್ರವಾಗಿ ಮಾತಾಡುತ್ತಾರೆ. ಗೆಲುವು ಸೋಲನ್ನು ದಾಳ ಹೇಳುತ್ತದೆ. ನಮ್ಮ ಹುಡುಗನದು ಪ್ಯಾಲಡಿನ್ ಪಾತ್ರ, ಅಂದರೆ ದೇವರ ಹೆಸರಿನಲ್ಲಿ ಕತ್ತಿ ಹಿಡಿದ ವ್ರತಸ್ಥ ವೀರ. ಹಳ್ಳಿ ಸುಟ್ಟ ಗಾಬ್ಲಿನ್ ಕುಲದ ಒಬ್ಬ ಅವನ ಕೈಗೆ ಸಿಕ್ಕಿಬಿದ್ದಿದ್ದ. ಕೈ ಕಟ್ಟಿ ಕೂಡಿಸಿದ್ದರು. ಅಲ್ಲಿಂದ ಆಟ ನಿಂತು ವಾದ ಶುರುವಾಯಿತು.

“ನನ್ನ ಹಾಳ್ಯಾಗ ಲಾಫುಲ್ ಗುಡ್ ಅಂತ ಬರದೈತಿ, ಅಂವನ ಹಾಳ್ಯಾಗ ಈವಿಲ್ ಅಂತ ಬರದೈತಿ. ಕೊಂದ್ರ ಪುಣ್ಯಾನ ಅಲ್ಲೇನು?” ಎಂದ ನಮ್ಮವ. ಎದುರಿಗಿದ್ದ ಹುಡುಗಿ ಒಪ್ಪಲಿಲ್ಲ. “ಅಂವ ಕತ್ತಿ ಕೆಳಗ ಇಟ್ಟಾನ. ಈಗ ಕೊಂದ್ರ ನಿನ್ನ ಹಾಳೀನೂ ತಿದ್ದಬೇಕಾಕ್ಕೈತಿ” ಎಂದಳು. ಒಂದು ತಾಸು ಜಗ್ಗಾಡಿ ಕೊನೆಗೆ ನನ್ನ ಕಡೆ ತಿರುಗಿ, “ಮಾಮಾ, ನೀವ ಹೇಳ್ರಿ” ಎಂದರು. ನಲವತ್ತು ವರ್ಷ ಹಳಗನ್ನಡ ಪಾಠ ಮಾಡಿದವನಿಗೆ ಇಷ್ಟು ನೇರವಾದ ಧರ್ಮಪ್ರಶ್ನೆ ತರಗತಿಯಲ್ಲಿ ಎಂದೂ ಬಂದಿರಲಿಲ್ಲ. ಈ ಆಟವನ್ನು ಹುಡುಗಾಟಿಕೆ ಎಂದು ತಳ್ಳಿಹಾಕುವವರಿಗೆ ನಾನು ಆ ಒಂದು ತಾಸಿನ ಕಥೆ ಹೇಳುತ್ತೇನೆ.

ಆಟದ ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಇದನ್ನು ಹೊರತಂದದ್ದು 1974ರಲ್ಲಿ. ಆಗ ಪಾತ್ರಗಳಿಗೆ ಮೂರೇ ಪಕ್ಷ: ಕಟ್ಟಳೆ, ಅರಾಜಕತೆ, ನಡುವಿನ ತಟಸ್ಥತೆ. ಒಳಿತು ಕೆಡುಕಿನ ಮಾತು ಆಮೇಲೆ ಸೇರಿಕೊಂಡಿತು. 1978ರ ನಿಯಮಪುಸ್ತಕದ ಹೊತ್ತಿಗೆ ಕಟ್ಟಳೆಯ ಮೂರು, ನೀತಿಯ ಮೂರು ಹೆಣೆದು ಒಂಬತ್ತು ಮನೆಗಳ ಚೌಕ ಸಿದ್ಧವಾಗಿತ್ತು. ಪ್ಯಾಲಡಿನ್ ಬಂದದ್ದು 1975ರಲ್ಲಿ. ಹೆಸರು ಶಾರ್ಲಮೇನ್ ದೊರೆಯ ಹನ್ನೆರಡು ಆಪ್ತ ವೀರರದು. ಅವನು ಆ ಚೌಕದ ಒಂದೇ ಮನೆಯಲ್ಲಿ, ಕಟ್ಟಳೆಯೂ ಒಳಿತೂ ಕೂಡಿದ ಮೂಲೆಯಲ್ಲಿ, ನಿಂತಿರಬೇಕಿತ್ತು. ಗಳಿಕೆಯ ಹತ್ತರಲ್ಲೊಂದು ಪಾಲು ದಾನ ಕೊಡಬೇಕಿತ್ತು. ತಿಳಿದೂ ತಿಳಿದೂ ಒಂದು ಕೆಟ್ಟ ಕೆಲಸ ಮಾಡಿದರೆ ಅವನ ದೈವಬಲವೆಲ್ಲ ಹೋಗಿ ಸಾಮಾನ್ಯ ಯೋಧನಾಗುತ್ತಿದ್ದ, ಮತ್ತೆ ಏಳುವಂತಿರಲಿಲ್ಲ. ನಲವತ್ತು ವರ್ಷ ಜಗತ್ತಿನ ಆಟದ ಮೇಜುಗಳಲ್ಲಿ ಅತಿ ಹೆಚ್ಚು ಜಗಳ ಎಬ್ಬಿಸಿದ ಪಾತ್ರಗಳಲ್ಲಿ ಇದೂ ಒಂದು. 2008ರ ಆವೃತ್ತಿಯಲ್ಲಿ ಆಟ ಕಟ್ಟುವವರು ಆ ಮನೆಯ ಬಾಗಿಲು ತೆರೆದರು; ಕೊನೆಗೆ 2014ರ ಆವೃತ್ತಿಯಲ್ಲಿ ಪ್ಯಾಲಡಿನ್ನನಿಗೆ ಅವನು ತೊಟ್ಟ ಪ್ರತಿಜ್ಞೆಯೇ ಆಧಾರ ಎಂದರು. ಭಕ್ತಿಯ ಪ್ರತಿಜ್ಞೆ ತೊಟ್ಟವನು ಒಬ್ಬ, ಸೇಡಿನ ಪ್ರತಿಜ್ಞೆ ತೊಟ್ಟವನು ಇನ್ನೊಬ್ಬ. ಓರ್ಕ್‌ಗಳಂಥ ಇಡೀ ಕುಲಕ್ಕೇ ಕೆಟ್ಟದ್ದು ಎಂಬ ಮುದ್ರೆ ಒತ್ತುವುದು ತಪ್ಪು ಎಂದು ಆಟದ ಕಂಪನಿಯೇ 2020ರಲ್ಲಿ ಒಪ್ಪಿಕೊಂಡಿತು.

ಅವರು ನಲವತ್ತು ವರ್ಷಕ್ಕೆ ಬಂದು ತಲುಪಿದ ಈ ಜಾಗ ನಮ್ಮ ಹೊಲದ ಬದುವಿನಲ್ಲೇ ಇದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ದೊಡ್ಡಾಟ ನೋಡಿದವರಿಗೆ ಗೊತ್ತು, ಪಾತ್ರ ಅಟ್ಟ ಏರಿದ ಕೂಡಲೆ ಕಥೆ ಸಾಗುವುದಿಲ್ಲ. ಸಾರಥಿ ತಡೆದು ಕೇಳುತ್ತಾನೆ: ತಾವು ಯಾರು, ಎಲ್ಲಿಯವರು, ಬಂದ ಕಾರಣವೇನು? ಆಗ ಭುಜಕೀರ್ತಿ, ಎದೆಕಟ್ಟು, ಕಿರೀಟ ಹೊತ್ತ ಪಾತ್ರ ಹಲಗೆ ಮುರಿಯುವ ಹಾಗೆ ಕುಣಿದು ತನ್ನ ಕುಲ, ತನ್ನ ಪರಾಕ್ರಮ, ತನ್ನ ಸಂಕಟ ಹೇಳಿಕೊಳ್ಳುತ್ತದೆ. ದೇವರಿಗೂ ಅದೇ ಪ್ರಶ್ನೆ, ದೈತ್ಯನಿಗೂ ಅದೇ ಪ್ರಶ್ನೆ. ನಾನು ಕೆಟ್ಟವನು ಎಂದು ಹೇಳಿಕೊಂಡು ಅಟ್ಟ ಏರಿದ ಪಾತ್ರವನ್ನು ನಾನಂತೂ ಕಂಡಿಲ್ಲ. ಚಿಕ್ಕವನಿದ್ದಾಗ ನಮ್ಮೂರ ಗುಡಿಯಲ್ಲಿ ತಾಲೀಮು ನಡೆದಿತ್ತು. ದುರ್ಯೋಧನನ ಪಾತ್ರದವನು ಹಗಲೆಲ್ಲ ಹರಗಿ ಬಂದ ರೈತ. ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ ಒಳಗೆ ಬಂದ. ಆಟ ಕಲಿಸುವ ಮಾಸ್ತರರು ತಾಳ ನಿಲ್ಲಿಸಿಬಿಟ್ಟರು. “ನೀ ಕೆಟ್ಟಾಂವ ಅಂತ ನಿನಗ್ಯಾರು ಹೇಳ್ಯಾರ? ದುರ್ಯೋಧನಗ ತಾ ಕೆಟ್ಟಾಂವ ಅಂತ ಗೊತ್ತಿಲ್ಲ. ಅಂವ ರಾಜ. ರಾಜನಂಗ ಬಾ” ಎಂದರು. ಆ ರೈತ ಹೊರಗೆ ಹೋಗಿ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಬೇರೆಯೇ ಮನುಷ್ಯನಾಗಿ ಒಳಗೆ ಬಂದ. ಪಾತ್ರದ ನೀತಿಯ ಬಗ್ಗೆ ನಾನು ಓದಿದ ಯಾವ ಗ್ರಂಥವೂ ಅಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಮಾಸ್ತರರ ಆ ಮಾತಿಗೆ ಸಾವಿರ ವರ್ಷದ ಬೇರಿದೆ. ಹುಬ್ಬಳ್ಳಿ ದಾಟಿ ಗದಗಿನ ದಾರಿ ಹಿಡಿದರೆ ಅಣ್ಣಿಗೇರಿ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲದ ಶಾಸನ ಹೇಳುತ್ತದೆ. ಪಂಪ ಕವಿ ಮಾತ್ರ ಆಗಿರಲಿಲ್ಲ, ತನ್ನ ದೊರೆ ಅರಿಕೇಸರಿಯ ಪರವಾಗಿ ಯುದ್ಧ ಮಾಡಿದವನು. ಕತ್ತಿಯ ಭಾರ ಗೊತ್ತಿದ್ದವನು. ಅವನ ಭಾರತಕ್ಕೆ ನಾಯಕ ಅರ್ಜುನ. ಆದರೂ ಭಾರತದಲ್ಲಿ ನೆನೆಯಬೇಕಾದವನು ಕರ್ಣ ಎಂದು ಅವನೇ ಓದುಗರ ಕೈ ಹಿಡಿದು ಹೇಳುತ್ತಾನೆ.

ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ, ಪಾಂಡವರ ಕಡೆ ಬಾ ಎಂದು ಕರೆಯುವ ಸಂದರ್ಭವನ್ನು ಸ್ವಲ್ಪ ನಿಂತು ನೋಡೋಣ. ಒಂಬತ್ತು ಮನೆಗಳ ಚೌಕದಲ್ಲಿ ಇಟ್ಟರೆ ಇದು ಸಲೀಸು ಲೆಕ್ಕ: ಧರ್ಮದ ಪಕ್ಷ ಕರೆಯುತ್ತಿದೆ, ರಕ್ತವೂ ಅಲ್ಲಿಯದೇ, ರಾಜ್ಯವೂ ಸಿಗುತ್ತದೆ, ಹೋಗಬೇಕು. ಕರ್ಣ ಹೋಗುವುದಿಲ್ಲ. ಯಾಕೆ ಹೋಗಲಾರೆ ಎಂಬುದಕ್ಕೆ ಪಂಪ ಅವನ ಬಾಯಲ್ಲಿ ಇಡುವ ಕಾರಣ ಒಂದು ದಾಳದಾಟ. ಭಾನುಮತಿ ನೆತ್ತವಾಡಿ ಸೋತಿದ್ದಾಳೆ. ಪಣ ಕೊಡು ಎಂದು ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಾಡಿವೆ. ಅಷ್ಟರಲ್ಲಿ ದುರ್ಯೋಧನ ಬರುತ್ತಾನೆ. ಹೆಂಡತಿಯ ಹರಿದ ಹಾರ, ಎದುರಿಗೆ ಗೆಳೆಯ. ಅವನು ಕೇಳುವುದು ಒಂದೇ ಮಾತು, ಈ ಮುತ್ತುಗಳನ್ನು ಆಯ್ದುಕೊಡಲೇ ಎಂದು. ಅಂಥ ದೊರೆಯನ್ನು ಎಸೆದು ನಿಮ್ಮೊಡನೆ ಹೇಗೆ ಬರಲಿ ಎನ್ನುತ್ತಾನೆ ಕರ್ಣ. ನೆಲದ ಮೇಲೆ ಬಿದ್ದ ಮುತ್ತುಗಳಲ್ಲಿ ಅವನ ನಿಷ್ಠೆ ಇದೆ. ಅದಕ್ಕೆ ಯಾವ ಮನೆಯ ಹೆಸರು ಕೊಡುತ್ತೀರಿ?

ಕನ್ನಡ ಅದಕ್ಕೆ ತನ್ನದೇ ಹೆಸರು ಕೊಟ್ಟಿದೆ: ಜೋಳದ ಪಾಳಿ. ಉಂಡ ಜೋಳಕ್ಕೆ ಸಲ್ಲಬೇಕಾದ ಋಣ. ನಮ್ಮ ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳು ಬರುತ್ತವೆ. ಅನ್ನದ ಋಣಕ್ಕೆ ಹೋರಾಡುವವನು, ಒಡೆಯನ ಜೊತೆ ಸಾಯಲು ಪ್ರತಿಜ್ಞೆ ಮಾಡಿದವನು, ಒಡೆಯನಿಗೆ ತಲೆ ಒಪ್ಪಿಸಿದ ಲೆಂಕ. ಕಲಘಟಗಿ ಮಲೆನಾಡಿನ ಸೆರಗು, ಇಲ್ಲಿ ಭತ್ತದ ಗದ್ದೆಗಳೇ ಹೆಚ್ಚು. ಆದರೆ ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ಹಿರಿದಾಗ ನೋಡಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಬರದ ನಾಡಿನಲ್ಲಿ ಒಬ್ಬ ಇನ್ನೊಬ್ಬನಿಗೆ ಜೋಳ ಹಾಕಿದನೆಂದರೆ ಪ್ರಾಣ ಕೊಟ್ಟ ಹಾಗೆ. ನಮ್ಮ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗಪೂಜೆ. ತುರುಗೋಳಿನಲ್ಲಿ ಸತ್ತ, ಊರಳಿವಿನಲ್ಲಿ ಸತ್ತ, ಹೆಣ್ಣುಮಕ್ಕಳ ಮಾನ ಕಾಯುತ್ತ ಸತ್ತ ಎಂದು ಬರೆದಿರುತ್ತದೆ. ಯಾರಿಗಾಗಿ ಸತ್ತ ಎಂಬುದೇ ಅಲ್ಲಿ ಮುಖ್ಯ.

ಆದರೆ ಋಣವೇ ಧರ್ಮ ಎಂದು ಹೇಳಿ ಕೈತೊಳೆದುಕೊಳ್ಳಲು ನಾನು ಸಿದ್ಧನಿಲ್ಲ. ಕರ್ಣನ ಋಣ ದ್ರೌಪದಿಯನ್ನು ಎಳೆತಂದ ಸಭೆಯಲ್ಲಿ ಏನು ಮಾಡಿತು ಎಂಬುದನ್ನು ಮರೆಯಲಾಗದು. ಪ್ರತಿಜ್ಞೆಯೂ ಹಾಗೆಯೇ. ಭೀಮನ ಪ್ರತಿಜ್ಞೆ ನ್ಯಾಯದ್ದು; ಅದನ್ನು ತೀರಿಸಲು ಅವನು ಗದಾಯುದ್ಧದ ಕಟ್ಟಳೆ ಮುರಿದು ತೊಡೆಗೆ ಹೊಡೆಯಬೇಕಾಯಿತು. ರನ್ನ ಆ ಭೀಮನನ್ನೇ ನಾಯಕನನ್ನಾಗಿ ಮಾಡಿ ಕಾವ್ಯ ಬರೆದ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ರಣರಂಗದಲ್ಲಿ ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನ ಉಳಿಯುತ್ತಾನೆ.

ಬಿದ್ದ ಪ್ಯಾಲಡಿನ್ನನ ಕಥೆ ಬೇಕಾದವರು ನಾಗಚಂದ್ರನ ರಾವಣನನ್ನು ಓದಬೇಕು. ಜೈನ ರಾಮಾಯಣದ ಈ ರಾವಣ ವಿದ್ಯಾಧರ ದೊರೆ, ಜಿನಭಕ್ತ, ತನಗೆ ಒಲಿಯದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಸೀತೆಯನ್ನು ಕಂಡು ಅವನ ಮನಸ್ಸು ಜಾರುತ್ತದೆ, ಆಮೇಲೆ ಪಶ್ಚಾತ್ತಾಪದಿಂದ ಬೇಯುತ್ತಾನೆ. ಇನ್ನೂ ದೊಡ್ಡ ಮಾತು ಮುಂದಿದೆ. ಆ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ಮತ್ತು ಕೊಂದ ಕರ್ಮಕ್ಕಾಗಿ ಲಕ್ಷ್ಮಣ ನರಕಕ್ಕೆ ಹೋಗುತ್ತಾನೆ. ಕೆಟ್ಟದ್ದನ್ನು ಕೊಂದರೂ ಕೊಂದದ್ದರ ಲೆಕ್ಕ ಕೊಡಬೇಕು. ಪಡಸಾಲೆಯಲ್ಲಿ ಕೂತಿದ್ದ ಆ ಹುಡುಗಿ, ಈ ಕಥೆ ಗೊತ್ತಿಲ್ಲದೆಯೇ, ಇದನ್ನೇ ಹೇಳಿದ್ದಳು.

ಇನ್ನು ನಮ್ಮ ನಡುವೆ ಇವತ್ತಿಗೂ ನಡೆದಾಡುವ ದೈವವೀರನ ಮಾತು. ಮದುವೆಯ ಮನೆಯಲ್ಲಿ ಗುಗ್ಗಳ ಹೊರಟಾಗ ಕಾವಿ ಉಟ್ಟು, ವಿಭೂತಿ ಧರಿಸಿ, ರುದ್ರಾಕ್ಷಿ ಕಟ್ಟಿ, ಕತ್ತಿ ಹಿಡಿದು ಮುಂದೆ ಕುಣಿಯುವ ವೀರಭದ್ರನ ಪುರವಂತರನ್ನು ನೀವೆಲ್ಲ ಬಲ್ಲಿರಿ. ಸಂಬಾಳ, ಕರಡಿ ಮಜಲಿನ ಸದ್ದಿಗೆ ದಕ್ಷಯಜ್ಞದ ಒಡಪು ಹೇಳುತ್ತಾರೆ. ಅವರು ಶಸ್ತ್ರ ಚುಚ್ಚಿಕೊಳ್ಳುವುದು ತಮ್ಮದೇ ಕೆನ್ನೆಗೆ, ತಮ್ಮದೇ ನಾಲಿಗೆಗೆ. ದೇವರ ಕತ್ತಿ ಮೊದಲು ಹಿಡಿದವನ ಮೈಯನ್ನೇ ಹಾಯಬೇಕು ಎಂಬ ಈ ತಿಳಿವಳಿಕೆ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ವೀರಭದ್ರನ ಗುಡಿಗೆ ಹೋದಾಗ ಮೂರ್ತಿಯ ಪಕ್ಕದ ಪುಟ್ಟ ಆಕೃತಿಯನ್ನು ಗಮನಿಸಿ. ಟಗರಿನ ತಲೆ ಹೊತ್ತು, ಕೈಮುಗಿದು ನಿಂತವನು ದಕ್ಷ. ತಲೆ ಕಡಿಸಿಕೊಂಡ ವೈರಿಗೆ ಶಿವ ಮತ್ತೆ ಜೀವ ಕೊಟ್ಟು ಅದೇ ಗುಡಿಯಲ್ಲಿ ಜಾಗ ಕೊಟ್ಟಿದ್ದಾನೆ.

ಎಲ್ಲ ಕಥೆಯೂ ಹೀಗೆ ಸಮಾಧಾನದಲ್ಲಿ ಮುಗಿಯುವುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ ತನ್ನ ತಲೆಯನ್ನೇ ಅರಿದುಕೊಂಡು ಮರಳಿ ಪಡೆದ, ಜಿನಮೂರ್ತಿ ಒಡೆದ, ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ. ಬರೆಸಿದವರು ಗೆದ್ದ ಕಡೆಯವರು. ಒಬ್ಬನ ದೈವವೀರ ಇನ್ನೊಬ್ಬನ ಗುಡಿ ಕೆಡವಿದವನು ಎಂಬ ಸತ್ಯವನ್ನು ನಾವು ಇಲ್ಲಿ ಮುಚ್ಚಿಡಬಾರದು. ಜೈನನಾದ ಪಂಪನನ್ನೂ ಶಿವಭಕ್ತರಾದ ವಚನಕಾರರನ್ನೂ ಒಂದೇ ಉಸಿರಿನಲ್ಲಿ ನಮ್ಮವರು ಎನ್ನುವ ನಾಡು ನಮ್ಮದು. ಆ ಕಲ್ಲಿನ ಮುಂದೆ ಇಬ್ಬರ ಪರವಾಗಿಯೂ ನಿಲ್ಲುವ ಧೈರ್ಯ ನಮಗಿರಬೇಕು.

ಇಂದಿನ ಗೋಷ್ಠಿಗಳಿಂದ ನಾನು ಬಯಸುವುದು ಎರಡು. ದೊಡ್ಡಾಟದ ಮಾಸ್ತರರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಪದಗಳು ಅಲ್ಪಸ್ವಲ್ಪ ಅಚ್ಚಾಗಿವೆ, ಆದರೆ ಒಂದು ಪಾತ್ರವನ್ನು ಒಳಗಿನಿಂದ ಹೇಗೆ ಹೊರಬೇಕು ಎಂಬ ಅವರ ಮಾತು ತಾಲೀಮಿನಲ್ಲಿ ಮಾತ್ರ ಇದೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಲ್ಲಿಂದ ದೂರವೇನಲ್ಲ. ಅಲ್ಲಿಯ ಮತ್ತು ಧಾರವಾಡದ ಸಂಶೋಧನ ವಿದ್ಯಾರ್ಥಿಗಳು ಆಟದ ರಾತ್ರಿಗೆ ಮಾತ್ರ ಬಂದು ಹೋಗದೆ ತಾಲೀಮಿನ ತಿಂಗಳುಗಟ್ಟಲೆ ದಿನಗಳಲ್ಲಿ ಕೂತು ಬರೆದುಕೊಳ್ಳಲಿ.

ಎರಡನೆಯದು ಹಿಂದಿನ ಸಾಲುಗಳಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ. ನೀವು ದಾಳದಾಟ ಬಿಡಬೇಡಿ. ಅದನ್ನು ಕನ್ನಡದಲ್ಲಿ ಕಟ್ಟಿ. ನಿಮ್ಮ ಪಾತ್ರದ ಹಾಳೆಯಲ್ಲಿ ಒಳ್ಳೆಯವ, ಕೆಟ್ಟವ ಎಂಬ ಮನೆ ಅಳಿಸಿ, ಆ ಜಾಗದಲ್ಲಿ ಮೂರು ಸಾಲು ಬಿಡಿ: ಯಾರ ಜೋಳ ಉಂಡವನು, ಯಾವ ವ್ರತ ತೊಟ್ಟವನು, ಎರಡೂ ಎದುರಾದ ದಿನ ಯಾವುದನ್ನು ಮುರಿದವನು. ಸಂಜೆಯ ಕೊನೆಯ ಗೋಷ್ಠಿಯಲ್ಲಿ ದೊಡ್ಡಾಟದ ಕಲಾವಿದರು ಸಾರಥಿಯಾಗಿ ಕೂಡುತ್ತಾರೆ. ಖಾಲಿ ಹಾಳೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡಿಸಿದ್ದೇನೆ. ಊಟಕ್ಕೆ ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿರಿ, ತುಂಬಿಕೊಂಡು ಬನ್ನಿರಿ.